ಮುಚ್ಚಳ ತೆಗೆಯಬಾರದು

"ಮುಚ್ಚಳ ಮಾತ್ರ ತೆಗೀಬ್ಯಾಡಿ ಅತ್ತೆ, ದಮ್ಮಯ್ಯ," ಎಂದು ಚಪ್ಪಲಿ ಮೆಟ್ಟುತ್ತಲೇ ತನುಜಾ ಮತ್ತೊಮ್ಮೆ ಹೇಳಿದಳು.

ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಬೆಟ್ಟಮ್ಮ ತಲೆ ಎತ್ತಲಿಲ್ಲ. "ಎಷ್ಟು ಸಲ ಹೇಳ್ತೀಯವ್ವ? ಮುಚ್ಚಳ ಮುಟ್ಟಲ್ಲ, ಗುಂಡಿ ಮುಟ್ಟಲ್ಲ, ಅದರ ಮಕಾನೂ ನೋಡಲ್ಲ. ಸಾಕಾ? ಹೋಗು, ಬಸ್ಸು ಹೋಗ್ಬುಡ್ತದೆ."

ಅತ್ತೆ ಅಷ್ಟು ಹೇಳಿದ ಮೇಲೂ ತನುಜಾ ಒಳಗೆ ಹೋಗಿ ಒಂದು ಸಲ ನೋಡಿಕೊಂಡೇ ಬಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಸ್ಲೋ ಕುಕ್ಕರ್ ಸದ್ದಿಲ್ಲದೆ ಕೂತಿತ್ತು. ಅದರ ಮುಂದಿನ ಕಿತ್ತಳೆ ಬಣ್ಣದ ಪುಟ್ಟ ದೀಪ ಉರಿಯುತ್ತಿತ್ತು. ಗಾಜಿನ ಮುಚ್ಚಳಕ್ಕೆ ಒಳಗಿನಿಂದ ಆಗಷ್ಟೇ ಹಬೆ ಹಿಡಿಯುತ್ತಿತ್ತು. ಅದರೊಳಗೆ ಇದ್ದದ್ದು ಮಾವನ ಎಡೆಗೆಂದು ಇಟ್ಟ ಹಂದಿ ಮಾಂಸ. ಹೊರಗೆ ಬರುವಾಗ ಬಾಗಿಲ ಪಕ್ಕದ ಮೀಟರ್ ಬೋರ್ಡಿನ ಮೇಲಿನ ಕಪ್ಪು ಕಲೆ ಕಣ್ಣಿಗೆ ಬಿತ್ತು. ಹೋದ ವರ್ಷ ಸಿಡಿಲು ಲೈನಿನಲ್ಲೇ ಬಂದು ಟೀವಿಯನ್ನೂ ಮಿಕ್ಸಿಯನ್ನೂ ಸುಟ್ಟು ಬಿಟ್ಟುಹೋದ ಗುರುತು ಅದು. ಎರಡು ಸಲ ಸುಣ್ಣ ಹೊಡೆದರೂ ಹೋಗಿರಲಿಲ್ಲ. ದಿನಾ ನೋಡುವ ಕಲೆ, ಅವತ್ತೂ ನೋಡಿದಳು, ಬಸ್ಸಿಗೆ ಓಡಿದಳು.

ಮಾವ ನಂಜುಂಡಯ್ಯ ತೀರಿಕೊಂಡು ನಾಲ್ಕು ವರ್ಷ. ಪಿತೃಪಕ್ಷದಲ್ಲಿ ಅವರ ತಿಥಿಯ ದಿನ, ಬದುಕಿದ್ದಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ, ಹೊತ್ತು ಮುಳುಗುವಾಗ ಬಾಳೆಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬಂದುಬಿಡಬೇಕು. ಹೋದವರು ಬಂದು ಉಂಡು ಹೋದ ಮೇಲೆ ಇದ್ದವರ ಊಟ. ಸರ್ಕಾರಿ ರಜೆ ಇರುವುದು ಅಮಾವಾಸ್ಯೆಗೆ ಮಾತ್ರ. ಸತ್ತವರಿಗೆ ಆಲೂರಿನ ಕಚೇರಿಯ ಕ್ಯಾಲೆಂಡರ್ ಎಲ್ಲಿ ಗೊತ್ತು? ತನುಜಾ ಅಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ರಜೆ ಕೇಳಿದಳು, ಸಿಗಲಿಲ್ಲ. ಬೆಟ್ಟಮ್ಮನಿಗೋ ಮಂಡಿ ನೋವು, ಹಿತ್ತಲ ಒಲೆಯ ಮುಂದೆ ಅರ್ಧ ದಿನ ಕೂರುವ ಕಾಲ ಮುಗಿದಿತ್ತು. ಹಾಗಾಗಿ ಈ ಸಲ ಹಂದಿ ಸಾರು ಸ್ಲೋ ಕುಕ್ಕರಿನ ಪಾಲಿಗೆ ಬಂತು.

ಆ ಯಂತ್ರ ಮನೆಗೆ ಬಂದಾಗ ಅದನ್ನು ಆಡಿಕೊಂಡು ನಗದವರಿಲ್ಲ. "ತಾಳಿದವನು ಬಾಳಿಯಾನು ಅಂತ ಇದನ್ನ ನೋಡೇ ಹೇಳಿರ್ಬೇಕು ಮಾರಾಯ್ತಿ," ಎಂದಿದ್ದ ಗಂಡ ಮೋಹನ್. ಅವನ ಮಾತು ಸುಳ್ಳೂ ಅಲ್ಲ, ಮೊದಲ ತಿಂಗಳು ಅವಳ ಕೈಯಲ್ಲಿ ಕೆಟ್ಟದ್ದೇ ಹೆಚ್ಚು. ಹುರುಳಿ ಕಟ್ಟು ನೀರಾಯಿತು, ನಾಟಿ ಕೋಳಿ ಸಪ್ಪೆಯಾಯಿತು. ಆದರೆ ತನುಜಾ ಬಿಡುವ ಪೈಕಿ ಅಲ್ಲ. ಮೊಬೈಲಿನಲ್ಲಿ ಮಂಗಳೂರು ಕಡೆಯ ಹೆಂಗಸೊಬ್ಬಳ ವಿಡಿಯೋ ನೋಡಿ ನೋಡಿ ಅದರ ಸ್ವಭಾವ ಕಲಿತಳು. ಈರುಳ್ಳಿ ಅಡಿಗೆ ಹರಡಬೇಕು. ಮಾಂಸವನ್ನು ಮೊದಲು ಬಾಣಲೆಯಲ್ಲಿ ಕೆಂಪಗೆ ಹುರಿದೇ ಹಾಕಬೇಕು, ಇಲ್ಲದಿದ್ದರೆ ಬೇಯುತ್ತದೆ, ರುಚಿ ಬರುವುದಿಲ್ಲ. ನೀರು ಆವಿಯಾಗಿ ಹೋಗುವುದಿಲ್ಲವಾದ್ದರಿಂದ ನೀರೂ ಕಡಿಮೆ, ಉಪ್ಪೂ ಕಡಿಮೆ. ಪಾತ್ರೆಯನ್ನು ಕಂಠಮಟ್ಟ ತುಂಬಬಾರದು. ಎಲ್ಲಕ್ಕಿಂತ ಮುಖ್ಯ, ಮುಚ್ಚಳ ತೆಗೆಯಬಾರದು. ಒಂದು ಸಲ ತೆಗೆದು ಇಣುಕಿದರೆ ಅರ್ಧ ಗಂಟೆಯ ಕಾವು ಹೋಯಿತು. ಆ ಹೆಂಗಸು ಪ್ರತಿ ವಿಡಿಯೋದ ಕೊನೆಗೆ ಇನ್ನೊಂದು ಮಾತೂ ಹೇಳುತ್ತಿದ್ದಳು: ಮಧ್ಯೆ ಬಹಳ ಹೊತ್ತು ಕರೆಂಟು ಹೋಗಿದ್ದರೆ ಮಾಂಸದ ಆಸೆ ಬಿಡಿ, ಚೆಲ್ಲಿಬಿಡಿ, ಬೆಚ್ಚಗಿನ ಮಾಂಸಕ್ಕಿಂತ ದೊಡ್ಡ ಶತ್ರು ಹೊಟ್ಟೆಗೆ ಇನ್ನೊಂದಿಲ್ಲ.

ಯಂತ್ರಕ್ಕೆ ಮೊದಲು ಒಲಿದವಳು ಬೆಟ್ಟಮ್ಮನೇ. ಅವಳ ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು. ಮಾಂಸದ ದಿನ ಬರೀ ಸಾರು ಕಲಸಿಕೊಂಡು ಏಳುತ್ತಿದ್ದಳು. ಒಂದು ಭಾನುವಾರ ಕುಕ್ಕರಿನ ಕುರಿ ತುಂಡು ನಾಲಿಗೆಯ ಮೇಲೆ ಇಟ್ಟೊಡನೆ ತಾನಾಗಿ ಬಿಚ್ಚಿಕೊಂಡಿತು. ಬೆಟ್ಟಮ್ಮ ಇನ್ನೊಂದು ತುಂಡಿಗೆ ಕೈ ಹಾಕಿದಳು. "ನಿಮ್ಮ ಮಾವ ಇದ್ದಿದ್ರೆ," ಎಂದಳು. ಎಡೆಯ ಸಾರನ್ನೂ ಅದರಲ್ಲೇ ಇಡು ಎಂದು ಆಮೇಲೆ ಹೇಳಿದವಳೂ ಅವಳೇ.

ಒಂದು ತೊಡಕಿತ್ತು. ಎಡೆಗೆ ಮಾಡಿದ ಅಡುಗೆಯನ್ನು ಮಾಡಿದವರು ರುಚಿ ನೋಡುವಂತಿಲ್ಲ. ಹೋದವರಿಗಿಂತ ಮುಂಚೆ ಇದ್ದವರ ನಾಲಿಗೆ ತಾಕಿದರೆ ಅದು ಎಂಜಲು. ಮೂಗಿನ ಹತ್ತಿರ ಹಿಡಿಯುವುದೂ ಇಲ್ಲ. ತನುಜಾ ಬೆಳಗಿನ ಜಾವ ಎದ್ದು, ಮೆಣಸು ಕೊತ್ತಂಬರಿ ಹುರಿದು ಕುಟ್ಟಿ, ಮಾಂಸ ಬಾಡಿಸಿ, ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಿದ್ದಳು. ಬಸ್ಸಿನಲ್ಲಿ ಕೂತಾಗಲೂ ಉಪ್ಪಿನದೇ ಚಿಂತೆ. ಹೆಚ್ಚಾಯಿತೋ, ಕಡಿಮೆಯಾಯಿತೋ?

ಯಾಕೆಂದರೆ ಈ ಸಲ ಎಡೆಗೆ ಧನುಶ್ರೀ ಬರುವವಳಿದ್ದಳು. ಮೋಹನನ ತಂಗಿ. ಹಾಸನದಲ್ಲಿ ಗಂಡ ಲೋಹಿತ್ ಜೊತೆಗಿದ್ದಾಳೆ. ಎರಡು ಸಲ ಬಸಿರಾಗಿ ಎರಡೂ ನಿಂತಿರಲಿಲ್ಲ. ಈಗ ಐದು ತಿಂಗಳು. ಜ್ವರ, ವಾಂತಿ, ಭೇದಿ ಯಾವುದನ್ನೂ ಹತ್ತಿರ ಸೇರಿಸಬೇಡಿ, ಈ ಸಲ ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಶಾಸ್ತ್ರ ಹೇಳುವವನು ಹೇಳಿದ್ದೇ ಬೇರೆ. ಮೊದಲ ಸಲ ಹೋದದ್ದು ಅವಳು ಅಪ್ಪನ ಎಡೆಗೆ ಬರದ ವರ್ಷ. ಎರಡನೆಯದೂ ಹಾಗೆಯೇ. ಅಪ್ಪ ಮಗಳನ್ನು ಹುಡುಕಿಕೊಂಡು ಬಂದು ಎಲೆಯ ಮುಂದೆ ಕಾಣದೆ ಹಸಿದು ಹೋಗಿದ್ದಾರೆ, ಅವರ ಎಲೆಯಿಂದಲೇ ಒಂದು ತುತ್ತು ಇವಳ ಹೊಟ್ಟೆಗೆ ಬೀಳಬೇಕು ಎಂದಿದ್ದ. ಇದನ್ನೆಲ್ಲ ನಂಬಬೇಕೋ ಬೇಡವೋ ಎಂದು ಹೊಟ್ಟೆಯಲ್ಲಿ ಮಗುವಿಲ್ಲದವರು ಆರಾಮಾಗಿ ಕೂತು ಚರ್ಚೆ ಮಾಡಬಹುದು. ಧನುಶ್ರೀ ನಂಬಿದ್ದಳು. ತಿಂಗಳಿಂದ ದಿನ ಎಣಿಸುತ್ತಿದ್ದಳು.

ಆಲೂರಿನಲ್ಲಿ ಹಗಲೆಲ್ಲ ಬಿಸಿಲು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಪಡುವಣ ದಿಕ್ಕಿನಲ್ಲಿ ಎಲ್ಲೋ ಗುಡುಗಿದ ಹಾಗಾಯಿತು. ತನುಜಾ ಡಬ್ಬಿ ಮುಚ್ಚಿಟ್ಟಳು. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿದಳು.

"ನಿಮ್ಮ ಮಗ್ಗೆ ಕಡೆ ಲೈನ್ ಚೆನ್ನಾಗೈತೆ ಮೇಡಂ. ಬೆಳಗ್ಗಿಂದ ಒಂದ್ ಸಲಾನೂ ಟ್ರಿಪ್ ಆಗಿಲ್ಲ," ಎಂದ ಅವನು.

ತನುಜಾ ಸಮಾಧಾನ ಮಾಡಿಕೊಂಡಳು. ಮಾಡಿಕೊಳ್ಳಬಾರದಿತ್ತು.

ಸಂಜೆ ಬಸ್ಸಿಳಿದು ಮನೆ ಸೇರುವಾಗ ಅಂಗಳದಲ್ಲಿ ಲೋಹಿತನ ಕಾರು ನಿಂತಿತ್ತು. ಧನುಶ್ರೀ ಜಗಲಿಯ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದಳು. ಮುಖ ತುಂಬಿಕೊಂಡಿತ್ತು. "ಅತ್ತಿಗೆ, ಬೆಳಗ್ಗಿಂದ ಏನೂ ತಿಂದಿಲ್ಲ ನಾನು, ಬರೀ ಹಾಲು. ಅಪ್ಪನ ಎಲೆದೇ ಮೊದಲ ತುತ್ತಾಗ್ಲಿ ಅಂತ," ಎಂದಳು. ತನುಜಾ ಅವಳ ತಲೆ ಸವರಿ ಒಳಗೆ ಹೋದಳು.

ದೀಪ ಉರಿಯುತ್ತಿತ್ತು. ಪಾತ್ರೆಯ ಪಕ್ಕ ಮುಟ್ಟಿದರೆ ಬಿಸಿ. ಮುಚ್ಚಳದ ಒಳಗೆ ಹನಿ ಕಟ್ಟಿತ್ತು. ಎಲ್ಲ ಸರಿಯಾಗಿಯೇ ಇತ್ತು. ಆದರೆ ವಾಸನೆ ಇರಲಿಲ್ಲ. ಬೇರೆ ದಿನವಾದರೆ ತೋಟದ ಬೇಲಿಯ ತಡಮೆ ದಾಟುವಾಗಲೇ ಮಸಾಲೆ ಮೂಗಿಗೆ ಬಡಿಯುತ್ತಿತ್ತು. ಗಾಳಿ ಆ ಕಡೆಗೆ ಬೀಸುತ್ತಿರಬೇಕು ಎಂದುಕೊಂಡು ಫ್ರಿಜ್ಜಿನಿಂದ ನೀರು ಕುಡಿದಳು. ನೀರೂ ತಣ್ಣಗಿರಲಿಲ್ಲ. ಧನು ಬಂದಾಗಿನಿಂದ ಬಾಗಿಲು ತೆಗೆದು ಹಾಕಿ ಮಾಡಿರಬೇಕು, ಅಷ್ಟೆ. ಮನಸ್ಸು ಹಾಗೆಯೇ, ಬೇಡದ್ದು ಕಣ್ಣಿಗೆ ಬಿದ್ದರೆ ಒಂದು ನೆಪ ತಂದು ಅದರ ಮೇಲೆ ಮುಚ್ಚುತ್ತದೆ.

"ಹೊತ್ತು ಮುಳುಗ್ತಾ ಐತೆ ಕಣೇ, ಬಡಿಸು ಬೇಗ," ಎಂದು ನಡುಮನೆಯಿಂದ ಮೋಹನ್ ಕೂಗಿದ. ಅಪ್ಪನ ಫೋಟೋದ ಮುಂದೆ ಹೊಸ ಪಂಚೆ, ಟವಲು, ಬೀಡಿ ಕಟ್ಟು, ಒಂದು ಕ್ವಾರ್ಟರ್ ಎಲ್ಲ ಇಟ್ಟಾಗಿತ್ತು. ಬೆಟ್ಟಮ್ಮ ಬಿಸಿ ಕಡುಬು ತಂದು ಎಲೆಯ ತುದಿಗೆ ಜೋಡಿಸಿದಳು. ತನುಜಾ ಮುಚ್ಚಳ ತೆಗೆದು ಸೌಟು ಇಳಿಸಿದಳು. ತುಂಡುಗಳು ಸೌಟಿಗೆ ಗಟ್ಟಿಯಾಗಿ ತಾಕಿದವು. ಬಿಚ್ಚಿಕೊಳ್ಳಬೇಕಿದ್ದ ಮಾಂಸ ಮೂಳೆಗೆ ಹಾಗೇ ಅಂಟಿಕೊಂಡಿತ್ತು. ಅವಳ ಕೈ ಒಂದು ಗಳಿಗೆ ನಿಂತಿತು. ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರೆ ಅಲ್ಲಿಗೇ ಗೊತ್ತಾಗುತ್ತಿತ್ತು. ಹಾಕಿಕೊಳ್ಳುವಂತಿಲ್ಲವಲ್ಲ. ಹಂದಿ ಬಲಿತದ್ದಿರಬೇಕು ಎಂದುಕೊಂಡು ಬಡಿಸಿದಳು. ಮೋಹನ್ ಎಣ್ಣೆ ದೀಪ ಹಚ್ಚಿ ಧೂಪ ಹಾಕಿದ. ಎಲ್ಲರೂ ಅಡ್ಡಬಿದ್ದು ಹೊರಗೆ ಬಂದರು. ಬಾಗಿಲು ಮುಚ್ಚಿತು.

ಬಾಗಿಲು ಮುಚ್ಚಿದ ಮೇಲೆ ಜೋರಾಗಿ ಮಾತಾಡಬಾರದು. ಧನುಶ್ರೀ ಮತ್ತು ಲೋಹಿತ್ ಕಣದ ಕಟ್ಟೆಯ ಮೇಲೆ ಕೂತರು. ಮೋಹನ್ ಬಾಗಿಲಿಗೆ ಬೆನ್ನು ಮಾಡಿ ನಿಂತ. ಅತ್ತೆ ಸೊಸೆ ಇಬ್ಬರೂ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತರು. ಕಾಫಿ ಗಿಡಗಳ ಸಂದಿಯಲ್ಲಿ ಆಗಲೇ ಕತ್ತಲೆ ಸೇರಿತ್ತು. ಬೆಟ್ಟದ ಆಚೆ ಒಂದು ಸಲ ಗುಡುಗು ಉರುಳಿತು.

ಬೆಟ್ಟಮ್ಮ ಆಕಾಶ ನೋಡಿ ಪಿಸುದನಿಯಲ್ಲಿ, "ಬೆಳಗ್ಗಿಂದ ಇದರದ್ದು ಹಿಂಗೇಯ. ಗುಡುಗ್ತದೆ, ಬರಲ್ಲ. ನೀ ಅತ್ಲಾಗೆ ಬಸ್ಸತ್ತಿದೆ, ಇದು ಇತ್ಲಾಗೆ ಶುರುಹಚ್ಕೊಂಡ್ತು. ಮೇನ್ ಸ್ವಿಚ್ ಆರಿಸ್ಬುಟ್ಟು ಕೊಟ್ಟಿಗೆ ಕೆಲಸ ನೋಡ್ಕಂಡೆ," ಎಂದಳು.

ತನುಜಾ ತಿರುಗಿ ನೋಡಿದಳು. "ಏನಂದ್ರಿ?"

"ಮೇನ್ ಕಣವ್ವ. ಸಿಡಿಲು ಬಡಿದಾಗಿಂದ ಗುಡುಗಿದ್ರೆ ಆರಿಸ್ತೀವಲ್ಲ."

"ಮತ್ತೆ ಯಾವಾಗ ಹಾಕಿದ್ರಿ?"

"ಧನು ಬಂದು ಫ್ಯಾನ್ ಬೇಕು ಅಂದ್ಲಲ್ಲ, ಆಗ. ನೀ ಬರೋಕೆ ತುಸ ಮುಂಚೆ." ಸೊಸೆಯ ಮುಖದಲ್ಲಿ ಏನೋ ಕಂಡು ಬೆಟ್ಟಮ್ಮ ಅವಸರದಿಂದ ಸೇರಿಸಿದಳು, "ನಿನ್ನ ಕುಕ್ಕರ್ ನಾನು ಮುಟ್ಟಿಲ್ಲವ್ವ. ದೇವರಾಣೆ, ಅದರ ತಂಟೆಗೇ ಹೋಗಿಲ್ಲ."

ತನುಜಾ ಲೆಕ್ಕ ಹಾಕಿದಳು. ಬೆಳಿಗ್ಗೆ ಇಟ್ಟ ಮಾಂಸ, ಕಾವು ಏರುವ ಮೊದಲೇ ಆರಿ, ಇಡೀ ಹಗಲು ಮುಚ್ಚಿದ ಮುಚ್ಚಳದ ಕೆಳಗೆ ಉಗುರು ಬೆಚ್ಚಗೆ ಕೂತಿತ್ತು. ತಣ್ಣನೆಯ ನೀರಿಲ್ಲದ ಫ್ರಿಜ್ಜು, ವಾಸನೆಯಿಲ್ಲದ ಅಡುಗೆಮನೆ, ಮೂಳೆ ಬಿಡದ ತುಂಡು. ಎಲ್ಲ ಎದುರಿಗೇ ಇತ್ತು, ತಾನೇ ನೋಡಲಿಲ್ಲ. ಮುಚ್ಚಳ, ಗುಂಡಿ ಎಂದು ಅಷ್ಟೆಲ್ಲ ಹೇಳಿದವಳಿಗೆ ಮೇನ್ ಆರಿಸಬೇಡಿ ಎಂದು ಹೇಳಲು ತೋಚಲಿಲ್ಲ. ಈ ಮನೆಯಲ್ಲಿ ಗುಡುಗಿದರೆ ಕೈ ತಾನಾಗಿ ಮೇನಿಗೆ ಹೋಗುತ್ತದೆ. ಅವಳ ಕೈಯೂ ಹೋಗುತ್ತಿತ್ತು.

ಈಗ ಹೇಳಿದರೆ? ಎಡೆ ಮುರಿದ ಹಾಗೆ. ಎಲೆಗೆ ಬಿದ್ದದ್ದನ್ನು ಮತ್ತೆ ಒಲೆಗೆ ಏರಿಸುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಅಪ್ಪ ಈ ಸಲವೂ ಒಲ್ಲೆ ಎಂದರು ಎಂದೇ ಧನು ತಿಳಿಯುತ್ತಾಳೆ. ಆ ಭಯ ಅವಳನ್ನು ಏನು ಮಾಡುತ್ತದೋ. ಹೇಳದಿದ್ದರೆ? ಒಂದೇ ತುತ್ತು ತಾನೆ. ಏನೂ ಆಗದೆಯೂ ಇರಬಹುದು. ಊರಿನಲ್ಲಿ ಎಷ್ಟು ಜನ ಎಂತೆಂಥದನ್ನು ತಿಂದು ಅರಗಿಸಿಕೊಂಡಿಲ್ಲ? ತನುಜಾ ಕಣದ ಕಡೆ ನೋಡಿದಳು. ಧನುಶ್ರೀ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಹಸಿದವರ ಮುಖ ಅದು.

ಮೋಹನ್ ಕೆಮ್ಮಿದ. ಉಂಡವರು ಎದ್ದು ಹೋಗಲಿ ಎಂದು ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆರೆದ. ಧೂಪದ ಹೊಗೆ ಹೊರಗೆ ಬಂತು. ಎಲೆಯ ಮುಂದಿನ ದೀಪ ನೆಟ್ಟಗೆ ಉರಿಯುತ್ತಿತ್ತು. "ಆರಿಲ್ಲ, ನೋಡವ್ವ," ಎಂದ ಅವನು, ದನಿಯಲ್ಲಿ ಸಂತೋಷವಿತ್ತು. ಬೆಟ್ಟಮ್ಮ ಮಂಡಿ ಹಿಡಿದುಕೊಂಡು ಎಲೆಯ ಮುಂದೆ ಕೂತಳು. ಕಡುಬು ಮುರಿದು ಸಾರಿನಲ್ಲಿ ಅದ್ದಿ, ಒಂದು ಚೂರು ಮಾಂಸ ಸೇರಿಸಿ ತುತ್ತು ಮಾಡಿದಳು. ಧನುಶ್ರೀ ಪಕ್ಕದಲ್ಲಿ ಕೂತು ಬಾಯಿ ತೆರೆದಳು.

ತನುಜಾ ಅತ್ತೆಯ ಮಣಿಕಟ್ಟು ಹಿಡಿದುಬಿಟ್ಟಳು.

ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಅತ್ತೆಗೆ ಎದುರು ಮಾತಾಡಿದವಳಲ್ಲ. ಎಡೆಯ ಮುಂದೆ, ಎಲ್ಲರೂ ನೋಡುತ್ತಿರುವಾಗ ಕೈ ಹಿಡಿದಿದ್ದಳು. "ಬ್ಯಾಡಿ ಅತ್ತೆ. ಧನು, ತಿನ್ನಬ್ಯಾಡ ಅದನ್ನ."

"ತಲೆ ಕೆಟ್ಟೈತೇನೆ ನಿಂಗೆ?" ಎಂದ ಮೋಹನ್.

"ಅದು ಬೆಂದಿಲ್ಲ ಕಣ್ರೀ. ಹಗಲೆಲ್ಲ ಮೇನ್ ಆರಿತ್ತು. ಬೆಚ್ಚಗೆ ಕೂತು ಕೆಟ್ಟೋಗೈತೆ. ನನ್ನದೇ ತಪ್ಪು, ನಾನು ಹೇಳಿ ಹೋಗ್ಬೇಕಿತ್ತು."

"ವಾಸನೆ ಏನೂ ಬರ್ತಿಲ್ವಲ್ಲ."

"ವಾಸನೆ ಬರದೇನೂ ಕೆಟ್ಟಿರ್ತದೆ. ಈಗ ಕುದಿಸಿದ್ರೂ ಅದರ ವಿಷ ಹೋಗಲ್ವಂತೆ. ಡಾಕ್ಟರು ಏನು ಹೇಳವ್ರೆ, ಮರೆತೋಯ್ತಾ?"

ಲೋಹಿತ್ ಹೆಂಡತಿಯ ಭುಜ ಹಿಡಿದು ಹಿಂದಕ್ಕೆ ಎಳೆದುಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಧನುಶ್ರೀಗೆ ಅದು ಬಾಯಿಯ ಹತ್ತಿರವೇ ಬಂದು ನಿಂತಿತ್ತು. ಅವಳು ಗಟ್ಟಿಯಾಗಿ ಅಳಲಿಲ್ಲ. "ಅಪ್ಪ ತಿಂದುಬುಟ್ಟವ್ರಲ್ಲ ಅತ್ತಿಗೆ," ಎಂದಳು. "ಕೆಟ್ಟಿದ್ದನ್ನ ತಿಂದು ಹೋದ್ರು. ಇನ್ನು ನಂಗೇನು ಉಳೀತು."

ಮೋಹನ್ ಫೋಟೋ ನೋಡಿದ, ಎಲೆ ನೋಡಿದ. ತನುಜಾ ಇನ್ನೂ ಅತ್ತೆಯ ಕೈ ಬಿಟ್ಟಿರಲಿಲ್ಲ. ಬೆಟ್ಟಮ್ಮ ಮೆಲ್ಲಗೆ ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಮೇನ್ ಆರಿಸಿದ್ದು ನಾನು," ಎಂದಳು. ಬೈಗುಳದ ದನಿಯಾಗಿರಲಿಲ್ಲ, ಅಳುವೂ ಆಗಿರಲಿಲ್ಲ. ತುತ್ತನ್ನು ಎಲೆಯ ಮೇಲೆ ಇಟ್ಟು, ಚೊಂಬಿನ ನೀರಿನಲ್ಲಿ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಎಲೆಯ ತುದಿಯಲ್ಲಿ ಸಾರು ತಾಕದೆ ಉಳಿದಿದ್ದ ಕಡುಬಿನಿಂದ ಒಂದು ಚೂರು ಮುರಿದಳು. "ಬಾ ಇಲ್ಲಿ. ಇದೂ ನಿಮ್ಮಪ್ಪನ ಎಲೆದೇಯ. ನಾನು ಬೇಯಿಸಿದ್ದು, ಒಲೆ ಮೇಲೆ. ಬಾಯ್ ತೆಗಿ."

ಧನುಶ್ರೀ ತನುಜಾಳ ಮುಖ ನೋಡಿದಳು. ತನುಜಾ ತಲೆಯಾಡಿಸಿದಳು. ಮಗಳು ಕಡುಬು ನುಂಗಿದ ಮೇಲೆ ಬೆಟ್ಟಮ್ಮ, "ಕರ್ಕಂಡೋಗಿ ಅಳಿಯಂದ್ರೆ, ಹಾಲು ಕುಡಿಸಿ ಮಲಗಿಸಿ. ಎಡೆ ಮುರಿದಿಲ್ಲ. ಎಲೆ ಖಾಲಿ ಆದ್ರಾಯ್ತು," ಎಂದಳು.

ಅವಳು ಏನು ಮಾಡಲಿದ್ದಾಳೆ ಎಂದು ತನುಜಾಳಿಗೆ ಹೊಳೆಯುವಷ್ಟರಲ್ಲಿ ಬೆಟ್ಟಮ್ಮ ಎಲೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಾಗಿತ್ತು.

"ಅವ್ವ, ಬ್ಯಾಡ," ಎಂದ ಮೋಹನ್. "ತೋಟದಾಗೆ ಹೂತಾಕ್ಬುಡ್ತೀನಿ, ಕೊಡು ಇತ್ಲಾಗೆ."

"ಅವಳ ಮುಂದೆ ಹೂಳ್ತೀಯ ಅದನ್ನ? ಸುಮ್ನಿರು."

ತನುಜಾ ಮತ್ತೆ ಕೈ ಚಾಚಿದಳು. ಬೆಟ್ಟಮ್ಮ ಅವಳನ್ನು ನೋಡಿದಳು. ಹೊಸ್ತಿಲ ಆಚೆ ಧನುಶ್ರೀ ತಿರುಗಿ ನಿಂತಿದ್ದಳು, ನೋಡುತ್ತಿದ್ದಳು. ತನುಜಾಳ ಕೈ ಹಿಂದಕ್ಕೆ ಬಂತು. ಒಂದು ಸಲ ಹಿಡಿದ ಕೈಯನ್ನು ಇನ್ನೊಂದು ಸಲ ಹಿಡಿಯುವ ಧೈರ್ಯ ಅವಳಿಗೆ ಇರಲಿಲ್ಲ. ಅದಕ್ಕೆ ಅವಳು ತನ್ನನ್ನು ಆಮೇಲೆ ಎಷ್ಟು ಬೈದುಕೊಂಡರೂ ಆಗ ಇರಲಿಲ್ಲ, ಅಷ್ಟೆ.

ಬೆಟ್ಟಮ್ಮ ತಿಂದಳು. ಮಾಂಸ ಮೆತ್ತಗಿರಲಿಲ್ಲ. ಇದ್ದ ನಾಲ್ಕು ಹಲ್ಲಿನಲ್ಲಿ ಅತ್ತ ತಳ್ಳಿ, ಇತ್ತ ತಳ್ಳಿ, ಒಸಡಿನಲ್ಲಿ ಅದುಮಿ, ನೀರು ಕುಡಿದು ನುಂಗಿದಳು. ಒಂದು ತುಂಡಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ನಡುವೆ ಒಮ್ಮೆ ಕಣ್ಣು ಒರೆಸಿಕೊಂಡಳು, ಖಾರಕ್ಕೋ ಏನೋ. ಮೋಹನ್ ಆಸ್ಪತ್ರೆಗೆ ಓಡಬೇಕಾದೀತೆಂದು ಕಾರಿನ ಕೀಲಿಯನ್ನು ಲೋಹಿತನಿಂದ ಇಸಿದುಕೊಂಡು ಬಂದು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಎಲೆಯ ಮೇಲೆ ಮೂಳೆ ಮಾತ್ರ ಉಳಿದ ಮೇಲೆ ಬೆಟ್ಟಮ್ಮ ಗೋಡೆ ಹಿಡಿದು ಎದ್ದಳು.

"ಉಪ್ಪು ಸರ್ಯಾಗೈತೆ ಕಣವ್ವ," ಎಂದಳು ಸೊಸೆಗೆ. "ನೀ ಸುಮ್ನೆ ಹೆದರ್ತಿದ್ದೆ."

ತನುಜಾ ಅಡುಗೆಮನೆಗೆ ಹೋದಳು. ಗ್ಯಾಸಿನ ಮೇಲೆ ನೀರಿಟ್ಟು, ಅದಕ್ಕೆ ಉಪ್ಪು ಸಕ್ಕರೆ ಅಳೆದು ಹಾಕಿದಳು. ಪಕ್ಕದಲ್ಲಿ ಕಿತ್ತಳೆ ದೀಪ ಉರಿಯುತ್ತಲೇ ಇತ್ತು, ಪಾತ್ರೆಯಲ್ಲಿ ಉಳಿದ ಸಾರು ಈಗ ಮೆಲ್ಲಗೆ ಕುದಿಯಲು ಶುರುಮಾಡಿತ್ತು. ಬೆಳಿಗ್ಗೆಯಿಂದ ಕಾದ ವಾಸನೆ ಕೊನೆಗೂ ಮನೆಯನ್ನು ತುಂಬಿತು. ಬಹಳ ಒಳ್ಳೆಯ ವಾಸನೆ.

ಹೊರಗೆ ಮತ್ತೆ ಗುಡುಗಿತು, ಈ ಸಲ ಹತ್ತಿರದಲ್ಲೇ.

"ತನುಜ," ಎಂದು ಒಳಕೋಣೆಯಿಂದ ಬೆಟ್ಟಮ್ಮ ಕರೆದಳು. "ಗುಡುಗ್ತೈತೆ. ಮೇನ್ ಆರಿಸವ್ವ."

ತನುಜಾ ಬಾಗಿಲ ಪಕ್ಕದ ಕಪ್ಪು ಕಲೆಯ ಕೆಳಗೆ ಕೈ ಇಟ್ಟು ಮೇನ್ ಇಳಿಸಿದಳು. ಎಡೆಯ ಮುಂದಿನ ದೀಪವೊಂದೇ ಉಳಿಯಿತು. ಅದರ ಬೆಳಕಿನಲ್ಲಿ ಚೊಂಬು ಹಿಡಿದು ಒಳಗೆ ಹೋಗಿ, ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ಬೆಟ್ಟಮ್ಮ ಗೋಡೆಯ ಕಡೆ ತಿರುಗಿ, ಮಗಳ ಹಾಗೆಯೇ ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದ್ದಳು. ಕಣ್ಣು ತೆರೆದೇ ಇತ್ತು.